ಅಟ್ಟ ಹೊತ್ತ ಪೋಸಣ್ಣ

ಫೋಟೋ ತೆಗೆಯುವ ಕಡೆ ಕರೆಯದಿದ್ದರೂ ಹೋಗಿ ನಿಲ್ಲುವವರು ಎಲ್ಲ ಕಚೇರಿಗಳಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಆ ಜವಾಬ್ದಾರಿಯನ್ನು ತಾನಾಗಿಯೇ ವಹಿಸಿಕೊಂಡವನು ಕಟ್ಟಡದ ಮೇಲ್ವಿಚಾರಕ. ಅವನ ಅಸಲು ಕೆಲಸ ಬೀಗದ ಕೈಗಳನ್ನು ಕಾಯುವುದು, ಸುಟ್ಟ ಬಲ್ಬು ಬದಲಿಸುವುದು, ಸೋರುವ ನಲ್ಲಿಗೆ ವಾಷರ್ ಹಾಕಿಸುವುದು. ನೀರು ಸರಬರಾಜು ಕಚೇರಿಯಲ್ಲೇ ನಲ್ಲಿ ಸೋರುತ್ತದೆಯೇ ಎಂದು ದಯವಿಟ್ಟು ಕೇಳಬೇಡಿ. ಅಲ್ಲಿ ಸೋರದೆ ಇನ್ನೆಲ್ಲಿ ಸೋರಬೇಕು? ಆದರೆ ಕ್ಯಾಮೆರಾ ಕಂಡಿತೋ, ವಾಷರು ಬಲ್ಬು ಎಲ್ಲ ಮರೆತು ಎದೆ ಮುಂದೆ, ಹೊಟ್ಟೆ ಒಳಗೆ, ಗಲ್ಲ ಮೇಲೆ ಮಾಡಿಕೊಂಡು ಹಾಜರ್. ನಮ್ಮ ಬೀಳ್ಕೊಡುಗೆ ಸಮಾರಂಭಗಳ ಫೋಟೋ ನೋಡಿದ ಹೊರಗಿನವರು ಪ್ರತಿ ವರ್ಷವೂ ಅವನೇ ನಿವೃತ್ತನಾಗುತ್ತಿದ್ದಾನೆ ಎಂದು ತಿಳಿದಿದ್ದಾರೆ. ಅದಕ್ಕೇ ನಾವೆಲ್ಲ ಅವನನ್ನು ಪೋಸಣ್ಣ ಎಂದು ಕರೆಯುವುದು.

ನಾನು ಅದೇ ಕಚೇರಿಯ ಟಪಾಲು ಗುಮಾಸ್ತ. ನಡೆದದ್ದೆಲ್ಲ ನನ್ನ ಮೇಜಿನ ಎದುರಿಗೇ ನಡೆದದ್ದರಿಂದ ಇದರಲ್ಲಿ ಸುಳ್ಳು ಸೇರಿಸುವ ಅಗತ್ಯ ನನಗೆ ಬೀಳಲಿಲ್ಲ.

ಪೋಸಣ್ಣನಿಗೆ ಇದ್ದದ್ದು ಒಂದೇ ಕೊರಗು. ಅವನ ಹೆಂಡತಿ ಬಸ್ಸಿನಲ್ಲಿ ಇಡೀ ಹಗಲು ಹೋದರೆ ಸಿಗುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದಾಗಿನಿಂದ ಇವನು ಇಲ್ಲಿ, ಅವಳು ಅಲ್ಲಿ. ಅಲ್ಲಿಗೆ ಹಾಕಿ ಎಂದು ಇವನ ಅರ್ಜಿ, ಇಲ್ಲಿಗೆ ಹಾಕಿ ಎಂದು ಅವಳ ಅರ್ಜಿ. ಎರಡಕ್ಕೂ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ಉತ್ತರ "ಪರಿಶೀಲಿಸಲಾಗುವುದು". ಸಂಸಾರವೆಲ್ಲ ಫೋನಿನಲ್ಲೇ. "ಊಟ ಆಯ್ತಾ? ಏನು ಮಾಡ್ಕೊಂಡೆ? ನಂಗಾ? ಏನೋ ಒಂದು ಬೇಯಿಸ್ಕೊಂಡೆ ಬಿಡು" ಎಂದು ಅವನು ಮೂಲೆಯಲ್ಲಿ ನಿಂತು ಪಿಸುಗುಡುವಾಗ ಇಡೀ ಹಜಾರ ಕೆಲಸ ನಿಲ್ಲಿಸಿ ಕಿವಿಗೊಡುತ್ತಿತ್ತು. ಅವಳಿಗೆ ನೆಗಡಿಯಾದರೆ ಲೆಕ್ಕಪತ್ರ ವಿಭಾಗದವರೂ ಕಷಾಯ ಹೇಳಿ ಕಳಿಸುತ್ತಿದ್ದರು.

ಹೀಗಿರುವಾಗ ಬಂತು ನೋಡಿ, ಡಿಜಿಟಲ್ ಟ್ವಿನ್.

ನಮ್ಮದು ಅಜ್ಜನ ಕಾಲದ ಕಲ್ಲು ಕಟ್ಟಡ. ಅದರ ತದ್ರೂಪನ್ನು ಕಂಪ್ಯೂಟರಿನೊಳಗೆ ಎಬ್ಬಿಸಿ, ಕಟ್ಟಡದ ಯೋಗಕ್ಷೇಮವನ್ನೆಲ್ಲ ಅದರಲ್ಲೇ ನೋಡಿಕೊಳ್ಳಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ಅದಕ್ಕಾಗಿ ಬಂದ ಇಂಜಿನಿಯರಮ್ಮನನ್ನು ನಾವು ಸ್ಕ್ಯಾನ್ ಮೇಡಂ ಎಂದೆವು.

"ಈ ಬಿಲ್ಡಿಂಗಿಗೆ ಕಂಪ್ಯೂಟರಲ್ಲಿ ಒಂದು ಜೋಡಿ ಇರುತ್ತೆ ಅಂದ್ಕೊಳ್ಳಿ" ಎಂದು ಆಕೆ ವಿವರಿಸಿದಳು. "ಗೋಡೆ, ಪೈಪು, ವೈರು ಎಲ್ಲಾ ಇದ್ದ ಹಾಗೇ. ಇಲ್ಲಿ ಬಿರುಕು ಬಿಟ್ರೆ ಅಲ್ಲಿ ಕೆಂಪು ದೀಪ ಹತ್ತುತ್ತೆ."

"ಅಲ್ಲಿ ರಿಪೇರಿ ಮಾಡಿದ್ರೆ ಇಲ್ಲಿ ಸರಿಹೋಗುತ್ತೇನಮ್ಮಾ?" ಎಂದು ನಮ್ಮ ಸಾಹೇಬರು ಬಹಳ ಆಸೆಯಿಂದ ಕೇಳಿದರು.

"ಇಲ್ಲ ಸಾರ್."

ಸಾಹೇಬರ ಮುಖ ಬಾಡಿತು. ಅವರು ನಿವೃತ್ತಿಯ ಅಂಚಿನಲ್ಲಿದ್ದವರು. ಯಾವುದಕ್ಕೂ ಸಹಿ ಹಾಕದೆ ಮನೆ ಸೇರಿಕೊಳ್ಳಬೇಕು ಎನ್ನುವುದು ಅವರ ವ್ರತ. ಜೇಬಿನಲ್ಲಿದ್ದ ಪೆನ್ನಿಗೆ ಶಾಯಿ ಇದೆಯೋ ಇಲ್ಲವೋ ಎನ್ನುವುದು ಅವರಿಗೇ ಗೊತ್ತಿರಲಿಲ್ಲ.

ಮೊದಲ ಹಂತದಲ್ಲಿ ನಮ್ಮೆಲ್ಲರ ಕೊರಳಿಗೂ ಒಂದೊಂದು ಕಾರ್ಡು ನೇತುಹಾಕಿದರು. ಅದರೊಳಗೊಂದು ಸೆನ್ಸರ್. ಯಾರು ಎಲ್ಲಿದ್ದಾರೆ ಎನ್ನುವುದು ಯಂತ್ರಕ್ಕೆ ತಿಳಿಯುತ್ತದಂತೆ. ಮರುದಿನ ಸ್ಕ್ಯಾನ್. ಮೂರು ಕಾಲಿನ ಮೇಲೆ ಕೂತ ಒಂದು ಯಂತ್ರ ಗಿರಗಿರ ತಿರುಗಿ ಸುತ್ತ ಅಲುಗಾಡದೆ ಇರುವುದನ್ನೆಲ್ಲ ನುಂಗಿಕೊಳ್ಳುತ್ತದೆ. ಅಲುಗಾಡುವುದನ್ನು ಬಿಟ್ಟುಬಿಡುತ್ತದೆ. "ಎಲ್ಲರೂ ದಯವಿಟ್ಟು ಹೊರಗೆ ಹೋಗಿ" ಎಂದಳು ಸ್ಕ್ಯಾನ್ ಮೇಡಂ. ಹೊರಗೆ ಹೋಗಿ ಎನ್ನುವ ಮಾತನ್ನು ನಮ್ಮ ಕಚೇರಿಯಲ್ಲಿ ಎರಡನೇ ಸಲ ಹೇಳಬೇಕಾಗಿಲ್ಲ. ಯಂತ್ರ ಶುರುಮಾಡಿ ಸ್ಕ್ಯಾನ್ ಮೇಡಂ ಕೂಡ ಹೊರಬಂದಳು, ಎಲ್ಲರೂ ಚಹಾ ಅಂಗಡಿಗೆ ಓಡಿದೆವು.

ಪೋಸಣ್ಣ ಮಾತ್ರ ಓಡಲಿಲ್ಲ. ಮೂರು ಕಾಲಿನ ಯಂತ್ರ ಕಂಡವನೇ ತಲೆ ಬಾಚಿಕೊಂಡು ಬಂದ. ಹಜಾರದ ಕೊನೆಯಲ್ಲಿ ಹಳೇ ಕಡತಗಳನ್ನು ತುಂಬಿದ ಮರದ ಅಟ್ಟವೊಂದಿದೆ. ಅದರ ತೊಲೆ ಎಷ್ಟು ತಗ್ಗು ಎಂದರೆ ಎತ್ತರದವರೆಲ್ಲ ಅದಕ್ಕೆ ತಲೆ ಚಚ್ಚಿಕೊಂಡೇ ಕೆಲಸ ಕಲಿತವರು. ಪೋಸಣ್ಣ ಆ ತೊಲೆಯ ನಟ್ಟನಡುವೆ, ಒಂದು ಕೈ ಸೊಂಟಕ್ಕೆ, ಇನ್ನೊಂದು ಅಂಗೈ ಮೇಲೆತ್ತಿ ತೊಲೆಗೆ ಕೊಟ್ಟು, ಇಡೀ ಕಚೇರಿಯನ್ನು ತಾನೇ ಹೊತ್ತಿರುವವನಂತೆ ನಿಂತ. ಮೂಗು ತುರಿಸಿದರೂ ಕದಲಲಿಲ್ಲ. ಪಾಪ, ಯಂತ್ರ ನಂಬಿಬಿಟ್ಟಿತು.

ವಾರ ಕಳೆದು ಟ್ವಿನ್ನಿಗೆ ಮೇಲಿನವರ ಒಪ್ಪಿಗೆಯ ಮುದ್ರೆ ಬಿದ್ದು, ಗೋಡೆಗೆ ದೊಡ್ಡ ಪರದೆ, ಬಾಗಿಲ ಮೇಲೆ ಸೈರನ್ ಬಂದವು. ಸಾಹೇಬರು ಗುಂಡಿ ಒತ್ತಿ ಉದ್ಘಾಟಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಮುಗಿದು ಪೋಸಣ್ಣ ಅಟ್ಟದ ಕೆಳಗಿನಿಂದ ಚಹಾಕ್ಕೆಂದು ಹೊರಟದ್ದೇ ತಡ, ಸೈರನ್ ಕಿವಿ ಹರಿಯುವಂತೆ ಕೂಗಿಕೊಂಡಿತು. ಪರದೆಯೆಲ್ಲ ಕೆಂಪು.

"ಅಟ್ಟದ ಕಂಬ ಜಾಗ ಬಿಟ್ಟಿದೆ! ಎಲ್ಲರೂ ಹೊರಗೆ!" ಎಂದು ಸ್ಕ್ಯಾನ್ ಮೇಡಂ ಕಿರುಚಿದಳು.

ಸಾಹೇಬರು ಆ ವಯಸ್ಸಿನಲ್ಲಿ ಅಷ್ಟು ವೇಗವಾಗಿ ಓಡಬಲ್ಲರೆಂದು ನಮಗೆ ತಿಳಿದಿರಲಿಲ್ಲ. ಅಂಗಳದಲ್ಲಿ ನಿಂತು ಕಟ್ಟಡ ಈಗ ಬೀಳುತ್ತದೆ, ಇನ್ನೇನು ಬೀಳುತ್ತದೆ ಎಂದು ಕಾದೆವು. ಆಗ ಪೋಸಣ್ಣನಿಗೆ ಊಟದ ಡಬ್ಬಿ ಒಳಗೇ ಉಳಿದದ್ದು ನೆನಪಾಗಿ ನುಗ್ಗಿದ. ಅವನು ಅಟ್ಟದ ಕೆಳಗೆ ಹೋದದ್ದೇ ಸೈರನ್ ಗಪ್‌ಚುಪ್. ಡಬ್ಬಿ ಹಿಡಿದು ಹೊರಗೆ ಬಂದ, ಮತ್ತೆ ಕೂಗಾಟ. ಒಳಗೆ ಹೋದ, ಮೌನ.

"ಅಯ್ಯೋ ದೇವರೇ" ಎಂದು ಸ್ಕ್ಯಾನ್ ಮೇಡಂ ತಲೆಯ ಮೇಲೆ ಕೈಹೊತ್ತಳು.

ಪರದೆಯನ್ನು ದೊಡ್ಡದು ಮಾಡಿ ನೋಡಿದರೆ ಅಟ್ಟದ ಕೆಳಗೆ ಒಂದು ಕಂಬ. ನಡುವೆ ಕೊಂಚ ಉಬ್ಬು, ಮೇಲೊಂದು ಕವಲು ತೊಲೆಗೆ ತಾಗಿದೆ. ಯಂತ್ರ ಲೆಕ್ಕ ಹಾಕಿ ಅಟ್ಟದ ಭಾರವನ್ನೆಲ್ಲ ಅದರ ತಲೆಗೆ ಕಟ್ಟಿದೆ. ಆ ಜಾಗದಲ್ಲಿದ್ದ ಕಾರ್ಡು ಪೋಸಣ್ಣನದೇ ಆದ್ದರಿಂದ ಅದನ್ನು ಕಂಬದ ಸೆನ್ಸರ್ ಎಂದು ಬರೆದುಕೊಂಡಿದೆ.

"ಅಳಿಸಿಹಾಕಮ್ಮ" ಎಂದೆ ನಾನು. "ಅದು ಮನುಷ್ಯ ಅಂತ ಕಣ್ಣಿಗೆ ಕಾಣ್ತಿದೆಯಲ್ಲ."

"ನಂಗೂ ಕಾಣ್ತಿದೆ ಸಾರ್. ಆದ್ರೆ ಮಾಡೆಲ್‌ಗೆ ಮುದ್ರೆ ಬಿದ್ದಾಗಿದೆ. ಭಾರ ಹೊತ್ತಿರೋ ಕಂಬ ತೆಗೀಬೇಕು ಅಂದ್ರೆ ಕಟ್ಟಡದ ಸಲಹೆಗಾರರು ಒಪ್ಪಬೇಕು."

ಸಲಹೆಗಾರರು ಎಂದರೆ ತಮ್ಮ ಕೋಣೆ ಬಿಟ್ಟು ಯಾವ ಕಟ್ಟಡವನ್ನೂ ನೋಡಲು ಹೋಗದ ಹಿರಿಯ ತಜ್ಞರು. ಅವರು ತಮ್ಮ ಪರದೆಯಲ್ಲಿ ನೋಡಿ ಫೋನಿನಲ್ಲಿ ಗುಡುಗಿದರು: "ತೆಗೆಯೋದಾ? ಹುಚ್ಚು ಹಿಡಿದಿದೆಯೇನ್ರೀ? ಆ ತೊಲೆಗೆ ನಡುವೆ ಆಸರೆ ಇಲ್ಲವಲ್ಲ ಅಂತ ಇಷ್ಟು ವರ್ಷ ನನಗೆ ನಿದ್ದೆ ಇರಲಿಲ್ಲ. ಈಗ ಕಂಬ ಇದೆ ಅಂತ ಗೊತ್ತಾಯ್ತು. ಮುಟ್ಟಬೇಡಿ!"

"ಸಾರ್, ಅದು ನಮ್ಮ ಮೇಲ್ವಿಚಾರಕ..."

"ಮೇಲ್ವಿಚಾರಕನೋ ಮೇಸ್ತ್ರಿಯೋ, ಯಾರು ಕಟ್ಟಿಸಿದ್ದರೂ ಒಳ್ಳೇ ಕೆಲಸ ಮಾಡಿದ್ದಾರೆ" ಎಂದು ಫೋನಿಟ್ಟರು.

ಆ ಅಟ್ಟ ನಾನು ಹುಟ್ಟುವ ಮೊದಲಿನಿಂದ ಯಾರ ಹಂಗೂ ಇಲ್ಲದೆ ನಿಂತಿತ್ತು. ಆದರೆ ನಾಳೆ ಬಿದ್ದರೆ? ಸಾಹೇಬರು ಎರಡು ನಿಮಿಷ ಯೋಚಿಸಿ, ಬಾಯಿಮಾತಿನಲ್ಲೇ ಆಜ್ಞೆ ಹೊರಡಿಸಿದರು: ಕಚೇರಿ ವೇಳೆಯಲ್ಲಿ ಪೋಸಣ್ಣ ಅಟ್ಟದ ಕೆಳಗೇ ಇರತಕ್ಕದ್ದು. ಸಂಜೆ ಬೀಗ ಹಾಕಿದ ಮೇಲೆ ಸೈರನ್ನೂ ಬಂದ್, ಯಾಕೆಂದರೆ ಸುರಕ್ಷತೆಗೂ ಕಚೇರಿಯ ವೇಳೆಯೇ ಅನ್ವಯ.

ಪೋಸಣ್ಣ ಅತ್ತನೇ? ಎಲ್ಲಿಯ ಮಾತು! ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಾನು ಕೈಬಿಟ್ರೆ ಇಡೀ ಆಫೀಸು ಮಟಾಷ್" ಎಂದು ಬಂದವರಿಗೆಲ್ಲ ಹೇಳಿದ. ಹಾಲಿನವನಿಗೆ ಹೇಳಿದ, ಪಕ್ಕದ ಮನೆಯವರಿಗೆ ಹೇಳಿದ. ಪಕ್ಕದ ಮನೆಯವರು ಅವನನ್ನು ಕರೆದು ತಮ್ಮ ಬಚ್ಚಲ ಗೋಡೆ ತೋರಿಸಿ, "ಸ್ವಲ್ಪ ವಾಲಿದೆ, ಭಾನುವಾರ ಬಿಡುವಿದ್ದರೆ ಬಂದು ನಿಲ್ತೀರಾ?" ಎಂದು ವಿನಯದಿಂದ ಕೇಳಿದರಂತೆ. ಅತ್ತೆಗೂ ಫೋನ್ ಮಾಡಿ ಹೇಳಿದ. ಆಕೆ ಅರ್ಧ ಕೇಳಿಸಿಕೊಂಡು, ಅಳಿಯಂದಿರಿಗೆ ಬಡ್ತಿ ಸಿಕ್ಕಿತೆಂದು ಬೀದಿಗೆಲ್ಲ ಸಿಹಿ ಹಂಚಿಬಿಟ್ಟರು.

ಹೆಂಡತಿಗೆ ಮಾತ್ರ ಸಂಶಯ. ಅವಳ ದನಿ ಫೋನಿನಿಂದ ನನ್ನ ಮೇಜಿನವರೆಗೂ ಬಂತು.

"ರೀ, ಮಾತ್ರೆ ಗೀತ್ರೆ ಏನಾದ್ರೂ ತಗೊಂಡ್ರಾ? ತಲೆ ಸುತ್ತುತ್ತಾ?"

"ಇಲ್ಲ ಕಣೇ, ನಾನೀಗ ಕಟ್ಟಡದ ಭಾಗ!"

"ಮೊದಲು ಸಂಸಾರದ ಭಾಗ ಆಗಿ, ಆಮೇಲೆ ಕಟ್ಟಡ ನೋಡೋಣ" ಎಂದು ಅವಳು ಫೋನಿಟ್ಟಳು.

ಸಂಭ್ರಮ ಇಳಿಯತೊಡಗಿದ್ದು ಟ್ವಿನ್ ತಾನಾಗಿಯೇ ಕೆಲಸಗಳನ್ನು ಹಂಚತೊಡಗಿದಾಗ. ಕಟ್ಟಡದ ಯಾವ ಭಾಗಕ್ಕೆ ಯಾವಾಗ ಏನು ಆರೈಕೆ ಬೇಕೆಂದು ಅದೇ ಲೆಕ್ಕ ಹಾಕಿ ಗುತ್ತಿಗೆದಾರರ ಫೋನಿಗೆ ಸಂದೇಶ ಕಳಿಸುತ್ತದೆ. ಮೊದಲು ಬಂದವನು ಗೆದ್ದಲಿನ ಔಷಧಿಯವನು. ಪೋಸಣ್ಣನ ಪಾದದ ಸುತ್ತ ಪಿಚಕಾರಿ ಹಾಯಿಸಿ, "ಆರು ತಿಂಗಳು ಗ್ಯಾರಂಟಿ" ಎಂದು ಹೇಳಿ ಹೋದ. ಆಮೇಲೆ ಬಣ್ಣದವನು ಬಂದ, ಕೈಯಲ್ಲಿ ಡಬ್ಬ, ಹೆಗಲಲ್ಲಿ ಏಣಿ.

"ಕಂಬಕ್ಕೆ ಎರಡು ಕೋಟ್ ಅಂತ ಬಂದಿದೆ. ಅಂಗಿ ತೆಗೀತೀರಾ, ಹಾಗೇ ಹೊಡೀಲಾ?"

"ಲೋ, ನಾನು ಮನುಷ್ಯ ಕಣೋ!"

"ಇರಬಹುದು ಸಾರ್. ಆದ್ರೆ ಕೆಲಸ ಮುಗಿಸಿ ಫೋಟೋ ಹಾಕದಿದ್ರೆ ನನ್ನ ಬಿಲ್ ನಿಂತುಹೋಗುತ್ತೆ."

ಅರ್ಧ ಗಂಟೆ ಚೌಕಾಸಿ ನಡೆದು, ಚಪ್ಪಲಿಗೆ ಮಾತ್ರ ಎರಡು ಕೋಟ್ ಎಂದು ಇತ್ಯರ್ಥವಾಯಿತು. ಫೋಟೋ ಎನ್ನುವ ಮಾತು ಕೇಳಿದ್ದೇ ಪೋಸಣ್ಣ ಗಲ್ಲ ಎತ್ತಿದ. ಹಾಳು ಅಭ್ಯಾಸ, ಏನು ಮಾಡುವುದು? ಬಣ್ಣದವನು ಚಪ್ಪಲಿಯ ಫೋಟೋ ಮಾತ್ರ ತೆಗೆದುಕೊಂಡು ಹೋದ.

ಆಮೇಲಂತೂ ಪರದೆಯ ಮೇಲೆ ಅವನ ಜಾತಕವೇ ಬಯಲಾಗತೊಡಗಿತು. ಕೆಮ್ಮಿದರೆ "ಕಂಬದಲ್ಲಿ ಕಂಪನ". ಕುರ್ಚಿಯಲ್ಲಿ ಕೂತರೆ "ಕಂಬ ಕುಸಿದಿದೆ". ತೂಕಡಿಸಿದರೆ "ಎಡಕ್ಕೆ ವಾಲಿಕೆ". ಕ್ಯಾಂಟೀನಿನಿಂದ ಭರ್ಜರಿ ಊಟ ಬಂದ ದಿನ "ನಡುಭಾಗದ ಉಬ್ಬು ಹೆಚ್ಚಿದೆ, ಗಾರೆ ಉದುರುವ ಸಂಭವ". ಸಾಹೇಬರು ಅದನ್ನು ನೋಡಿ ಕ್ಯಾಂಟೀನಿನವರನ್ನು ಕರೆಸಿ, ಕಂಬಕ್ಕೆ ಎರಡನೇ ಸಲ ಬಡಿಸಕೂಡದೆಂದು ತಾಕೀತು ಮಾಡಿದರು. ಪೋಸಣ್ಣನ ಕಣ್ಣಲ್ಲಿ ಮೊದಲ ಬಾರಿ ನೀರು ಕಂಡದ್ದು ಆವತ್ತು. ಪರದೆಯಲ್ಲಿ "ತೇವಾಂಶ" ಎಂದು ಬಂತು.

ಹಾಗಿರುವಾಗಲೇ ನನ್ನ ಟಪಾಲಿನಲ್ಲಿ ಅವನ ವರ್ಗಾವಣೆಯ ಆದೇಶ ಬಂದದ್ದು. ಹೆಂಡತಿಯ ಊರಿಗೆ! ನಾನು ಲಕೋಟೆಯ ಗೋಂದು ಒಣಗಿದೆಯೇ ಎಂದು ಕೂಡ ನೋಡದೆ ಹರಿದು, ಹಜಾರದುದ್ದಕ್ಕೂ ಓಡಿ ಅವನ ಕೈಗಿತ್ತೆ. ಅವನು ಓದಿದ. ಮತ್ತೊಮ್ಮೆ ಓದಿದ. ನನ್ನನ್ನು ತಬ್ಬಿಕೊಂಡು ಕುಣಿದ. ಸೈರನ್ ಕೂಗಿತು. ಯಾರೂ ಲೆಕ್ಕಿಸಲಿಲ್ಲ.

"ಹದಿನೈದು ದಿನದೊಳಗೆ ಅಲ್ಲಿ ಹಾಜರಾಗಬೇಕಂತೆ ಅಣ್ಣಾ. ಇಲ್ಲದಿದ್ರೆ ಆದೇಶ ರದ್ದು."

ಹೋಗುವ ಮೊದಲು ಸಾಹೇಬರು ಅವನನ್ನು ಬಿಡುಗಡೆ ಮಾಡಬೇಕಿತ್ತು. ಒಂದೇ ಒಂದು ಸಹಿ. ಸಾಹೇಬರು ಪೆನ್ನಿನ ಕಡೆ ಕೈಯನ್ನೂ ಒಯ್ಯಲಿಲ್ಲ.

"ಕಂಬ ಬಿಡುಗಡೆ ಮಾಡಿದೆ ಅಂತ ನನ್ನ ಸಹಿ ಇರಬೇಕಾ? ನಾಳೆ ಅಟ್ಟ ಬಿದ್ರೆ ನನ್ನ ಪಿಂಚಣಿ ಯಾರು ಹೊರ್ತಾರೆ? ಬದಲಿ ಕಂಬ ಕಟ್ಟಿಸಿ, ಹೋಗಿ."

ಸರಿ, ಗಾರೆಯವರು ಬಂದರು. ಆದರೆ ಟ್ವಿನ್ ಒಪ್ಪಬೇಕಲ್ಲ? ಸ್ಕ್ಯಾನ್ ಮೇಡಂ ಹೊಸ ಕಂಬವನ್ನು ಮಾಡೆಲ್ಲಿನಲ್ಲಿ ಇಟ್ಟಳು. "ಈ ಜಾಗದಲ್ಲಿ ಈಗಾಗಲೇ ಕಂಬವಿದೆ" ಎಂದಿತು ಯಂತ್ರ. ಹಳೆಯದನ್ನು ತೆಗೆಯಲು ಹೋದಳು. "ಹೊಸದು ಕಟ್ಟುವ ತನಕ ತೆಗೆಯುವಂತಿಲ್ಲ" ಎಂದಿತು. ಪಕ್ಕದಲ್ಲಿ ಕಟ್ಟೋಣವೆಂದರೆ ಅಲ್ಲಿ ಭಾರವೇ ಇಲ್ಲ, ಆದ್ದರಿಂದ ಕಂಬ ಬೇಕಿಲ್ಲ ಎಂದಿತು. ಗಾರೆಯವರು ಒಂದಿಷ್ಟು ಹೊತ್ತು ಕರಣೆ ಹಿಡಿದು ಕೂತು, ಚಹಾ ಕುಡಿದು ಹೋದರು.

ದಿನಗಳು ಸರಿಯುತ್ತಿದ್ದವು. ಪೋಸಣ್ಣನಿಗೆ ಪೋಸು ಮರೆತೇಹೋಯಿತು. ಭುಜ ಇಳಿಬಿಟ್ಟು ಅಟ್ಟದ ಕೆಳಗೆ ನಿಂತಿರುತ್ತಿದ್ದ. ಅವನ ಕಷ್ಟ ನೋಡಿ ನನ್ನ ಪಾಲಿನ ಚಹಾವನ್ನೂ ಅವನಿಗೇ ಒಯ್ದು ಕೊಡುತ್ತಿದ್ದೆ. ಅದೇ ಹೊತ್ತಿಗೆ ನಗುವೂ ಬರುತ್ತಿತ್ತು, ಅದಕ್ಕೆ ನಾನೇನು ಮಾಡಲಿ?

ಗಡುವು ಮುಗಿಯುವ ಹಿಂದಿನ ದಿನ ಬೆಳಿಗ್ಗೆ ಹೆಂಡತಿಯೇ ಬಂದಿಳಿದಳು. ಗಿಡ್ಡ ಹೆಂಗಸು. ವಾರ್ಡಿನಲ್ಲಿ ನೂರು ರೋಗಿಗಳನ್ನು ಕಣ್ಣಲ್ಲೇ ಮಲಗಿಸಿದ ಗತ್ತು. ಬಾಗಿಲಲ್ಲಿ ಸಂದರ್ಶಕರ ಕಾರ್ಡು ಕೊರಳಿಗೆ ಹಾಕಿಸಿಕೊಂಡು ನೇರ ಅಟ್ಟದ ಕೆಳಗೆ ಬಂದು, "ನಡೀರಿ ಮನೆಗೆ" ಎಂದಳು.

"ಬರೋ ಹಾಗಿಲ್ಲ ಕಣೇ. ಅಟ್ಟ ಬೀಳುತ್ತೆ."

"ಬೀಳ್ಲಿ!"

ರಟ್ಟೆ ಹಿಡಿದು ಎಳೆದಳು. ಸೈರನ್ ಕೂಗಿತು. ಅವನು ಹಿಂದಕ್ಕೆ ಬಂದ, ನಿಂತಿತು. ಮತ್ತೆ ಎಳೆದಳು, ಮತ್ತೆ ಕೂಗಿತು. ಸಾಹೇಬರು ಅಂಗಳದಿಂದಲೇ "ಅಮ್ಮಾ, ಸರ್ಕಾರಿ ಕಂಬ ಎಳೀಬೇಡಿ!" ಎಂದು ಕೂಗಿದರು.

ಅವಳು ಗರಕ್ಕನೆ ತಿರುಗಿದಳು. "ಇವರಿಗೆ ಕಂಬ ಅನ್ನೋರು ಯಾರು? ನಂಗೂ ಸಾಕಾಗಿದೆ ಸಾಹೇಬ್ರೇ, ಡ್ಯೂಟಿ ಮುಗಿಸಿ ಬಂದು ಗೋಡೆ ನೋಡ್ಕೊಂಡು ಒಬ್ಳೇ ಊಟ ಮಾಡಿ ಮಾಡಿ. ನಿಮ್ಮ ಅಟ್ಟಕ್ಕೆ ಇವರು ಬೇಕು, ನನಗೆ ಬೇಡ್ವಾ?" ಲೆಕ್ಕಪತ್ರದವರೊಬ್ಬರು ಮೂಗು ಒರೆಸಿಕೊಂಡರು.

ಅಷ್ಟರಲ್ಲಿ ಸ್ಕ್ಯಾನ್ ಮೇಡಂ ಪರದೆ ತೋರಿಸಿದಳು. ಕಂಬ ಹೀಗೆ ಮೇಲಿಂದ ಮೇಲೆ ಜಾಗ ಬಿಟ್ಟದ್ದರಿಂದ ಯಂತ್ರ ತಾನಾಗಿಯೇ ಮರು ಸ್ಕ್ಯಾನ್ ಕೇಳುತ್ತಿತ್ತು. "ಇದೇ ಸಮಯ! ಇವರು ಹೊರಗೆ ನಿಲ್ಲಲಿ. ಖಾಲಿ ಜಾಗ ಸ್ಕ್ಯಾನ್ ಆದ್ರೆ ಕಂಬ ತಾನೇ ಹೋಗುತ್ತೆ."

"ಹೋದ್ರೆ?" ಎಂದರು ಸಾಹೇಬರು. "ಕಂಬ ಕಳ್ಕೊಂಡ ಕಟ್ಟಡ ಅಂತ ಆಫೀಸನ್ನೇ ಮುಚ್ಚಿಸ್ತಾರೆ. ನಾನೆಲ್ಲಿ ನಿವೃತ್ತಿ ಆಗ್ಲಿ, ಬೀದೀಲಾ? ಕಂಬ ಮೊದಲು ಹೇಗಿತ್ತೋ ಹಾಗೇ ಇರಬೇಕು. ಕೈ ಎತ್ತಯ್ಯಾ. ಉಳಿದವರು ಹೊರಗೆ!"

ಪೋಸಣ್ಣ ಬಡಪಾಯಿ ಕೈಯೆತ್ತಿ ತೊಲೆಗೆ ಕೊಟ್ಟ. ಯಂತ್ರ ತಿರುಗತೊಡಗಿತು. ನಾವೆಲ್ಲ ಹೊರಗೆ ಬಂದೆವು. ಅವಳು ಬರಲಿಲ್ಲ.

"ಅಮ್ಮಾ, ನೀವೂ ಬನ್ನಿ" ಎಂದು ಸ್ಕ್ಯಾನ್ ಮೇಡಂ ಕರೆದಳು.

"ನಾನು ಅಲ್ಲಾಡಲ್ಲ. ಇಷ್ಟು ದೂರದಿಂದ ಬಂದಿರೋದು ಹೊರಗೆ ನಿಲ್ಲೋಕಲ್ಲ" ಎಂದು ಗಂಡನ ಪಕ್ಕಕ್ಕೆ ಒಂದು ಸ್ಟೂಲು ಎಳೆದು ಹತ್ತಿ, ತಾನೂ ಒಂದು ಅಂಗೈಯನ್ನು ತೊಲೆಗೆ ಕೊಟ್ಟಳು. "ಎಷ್ಟು ಭಾರ ಇದೆ ನಾನೂ ನೋಡ್ತೀನಿ." ಇನ್ನೊಂದು ಕೈಯಿಂದ ಅವನ ಕೈ ಹಿಡಿದುಕೊಂಡಳು. ಅವನು ಅವಳತ್ತ ನೋಡಿದ. ಇಬ್ಬರೂ ಕದಲಲಿಲ್ಲ. ಇಷ್ಟು ವರ್ಷದಲ್ಲಿ ಇಬ್ಬರೂ ಅಷ್ಟು ಹೊತ್ತು ಒಟ್ಟಿಗೆ ನಿಂತದ್ದು ಅದೇ ಮೊದಲಿರಬೇಕು.

ಪರದೆ ಕಪ್ಪಾಯಿತು, ಲೆಕ್ಕ ಹಾಕಿತು, ಹತ್ತಿಕೊಂಡಿತು. ಅಟ್ಟ ಹಸಿರು, ತೊಲೆ ಹಸಿರು, ಇಡೀ ಕಟ್ಟಡ ಹಸಿರು. ಉದ್ಘಾಟನೆಯಾದಾಗಿನಿಂದ ಅಷ್ಟು ಹಸಿರನ್ನು ನಾವು ಕಂಡಿರಲಿಲ್ಲ. ಮರುಕ್ಷಣವೇ ಸಲಹೆಗಾರರ ಫೋನು.

"ಭೇಷ್! ಜೋಡಿ ಕಂಬ, ನಡುವೆ ಅಡ್ಡಪಟ್ಟಿ ಬೇರೆ! ಯಾರ ಬುದ್ಧಿ ಇದು? ಈಗ ಒಂದು ಕಂಬ ಸ್ವಲ್ಪ ಹೊತ್ತು ಸರಿದರೂ ಇನ್ನೊಂದು ತಡ್ಕೊಳ್ಳುತ್ತೆ. ಆದ್ರೆ ಕೇಳಿಸ್ಕೊಳ್ಳಿ, ಎರಡನ್ನೂ ದೂರ ಮಾಡಿದ್ರೆ ಕಟ್ಟಡ ಉಳಿಯಲ್ಲ. ಇದನ್ನು ಬರೆದೇ ಕೊಡ್ತೀನಿ."

ಬೇರೆಯವರು ಬರೆದುಕೊಟ್ಟ ಮೇಲೆ ಸಾಹೇಬರಿಗೆ ಧೈರ್ಯವೋ ಧೈರ್ಯ. ಪೋಸಣ್ಣನ ವರ್ಗ ರದ್ದಾಗಲಿ ಎಂದು ಅವರೇ ಬರೆದರು. ಎರಡನೇ ಕಂಬ ಬೇರೆ ಊರಿನ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡಿದೆ, ತಕ್ಷಣ ತರಿಸಿಕೊಡಿ ಎಂದು ಆರೋಗ್ಯ ಇಲಾಖೆಗೆ ಫೋನಿನ ಮೇಲೆ ಫೋನು. ನಮ್ಮ ಕಚೇರಿಯಲ್ಲೇ ಅಟ್ಟದ ಕೆಳಗೆ ಒಂದು ಪ್ರಥಮ ಚಿಕಿತ್ಸೆಯ ಕೊಠಡಿ ಮಂಜೂರಾಯಿತು, ಅದಕ್ಕೊಬ್ಬ ನರ್ಸು ಬೇಕಾಯಿತು. ವರ್ಷಗಟ್ಟಲೆ ಪರಿಶೀಲನೆಯಲ್ಲಿ ಮಲಗಿದ್ದ ಇಲಾಖೆ ಅಂದೇ ಸಂಜೆಯ ಟಪಾಲಿಗೆ ಆದೇಶ ಕಳಿಸಿತು. ಅದನ್ನು ಗಟ್ಟಿಯಾಗಿ ಓದುವ ಭಾಗ್ಯ ನನ್ನದು: "ಕಟ್ಟಡದ ಭದ್ರತೆಯ ದೃಷ್ಟಿಯಿಂದ, ಸದರಿ ದಂಪತಿಯನ್ನು ಇನ್ನು ಮುಂದೆ ಯಾವ ಕಾರಣಕ್ಕೂ ಬೇರ್ಪಡಿಸತಕ್ಕದ್ದಲ್ಲ."

ಪೋಸಣ್ಣನ ಹೆಂಡತಿ ಆದೇಶವನ್ನು ನನ್ನ ಕೈಯಿಂದ ಇಸಿದುಕೊಂಡು, ಮುದ್ರೆಯನ್ನು ಬೆರಳಿನಿಂದ ಉಜ್ಜಿ ನೋಡಿ, ನಗುತ್ತ ಅಳುತ್ತ ಗಂಡನ ಬೆನ್ನಿಗೊಂದು ಗುದ್ದು ಕೊಟ್ಟಳು.

"ನೋಡಿದ್ರಾ? ಇಷ್ಟು ವರ್ಷ ಗಂಡ ಹೆಂಡತಿ ಅಂತ ಅರ್ಜಿ ಹಾಕಿದ್ವಿ, ಯಾರೂ ಓದಲಿಲ್ಲ. ಕಂಬಗಳು ಅಂತ ಹಾಕಿದ್ದಿದ್ರೆ ಆವತ್ತೇ ಆಗಿರ್ತಿತ್ತು."